ಬುಧವಾರದ ಒಂದು ಹೆಜ್ಜೆ

ಅವಸರ ಮಾಡಿಕೊಂಡು ಹೋದ ಗೆಳೆಯ ಡೆಲ್,

ಇದನ್ನು ನೀನು ಓದುವುದಿಲ್ಲ ಅಂತ ಗೊತ್ತು. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಈ ಊರಲ್ಲಿ ನನ್ನ ಮಾತು ಕೇಳುವವರು ಯಾರೂ ಉಳಿದಿಲ್ಲ. ಬುಧವಾರ ಬೆಳಿಗ್ಗೆ ಮಿಲ್ವಾಕಿಯಲ್ಲಿ ಸೈನ್ಯದವರು ನನ್ನ ಹೆಸರು ಕೂಗುತ್ತಾರೆ. ಕೂಗಿದಾಗ ಒಂದು ಹೆಜ್ಜೆ ಮುಂದಿಟ್ಟವನು ಸೈನಿಕ, ಇಡದವನು ಅಪರಾಧಿ. ನಾನು ಇಡುವುದಿಲ್ಲ.

ಮೊದಲು ನಿನ್ನ ಮೇಲಿನ ಸಿಟ್ಟು ತೀರಿಸಿಕೊಳ್ಳುತ್ತೇನೆ. ಹೋದ ವರ್ಷ ನವೆಂಬರಿನಲ್ಲಿ, ಚೀಸ್ ಕಾರ್ಖಾನೆಯ ಹಿಂದೆ ಹಾಲಿನ ಕ್ಯಾನು ತೊಳೆಯುತ್ತಾ ನೀನು ಹೇಳಿದ್ದು ನೆನಪಿದೆಯಾ? "ಲೋ ವೆರ್ನ್, ಸೈನ್ಯದವ್ರಾಗೇ ಕರೆದ್ರೆ ಎರಡು ವರ್ಷ ವಿಯೆಟ್ನಾಮ್ ಕಾಡಲ್ಲಿ ಕೆಸರು ತುಳೀಬೇಕು. ನಾವೇ ಹೋಗಿ ನೌಕಾಪಡೆಗೆ ಸಹಿ ಹಾಕಿದ್ರೆ ನಾಲ್ಕು ವರ್ಷ, ನಿಜ. ಆದ್ರೆ ಹಡಗಲ್ಲಿ ಹಾಸಿಗೆ, ಬಿಸಿ ಕಾಫಿ! ಯೋಚ್ನೆ ಮಾಡೋ ಪೆದ್ದ!" ಊರಿನ ಬುದ್ಧಿವಂತರೆಲ್ಲ ಅದನ್ನೇ ಮಾಡುತ್ತಿದ್ದರು. ಯಾರಿಗೂ ಯುದ್ಧ ಬೇಕಿರಲಿಲ್ಲ. ಯುದ್ಧದಿಂದ ತಪ್ಪಿಸಿಕೊಳ್ಳಲು ಎಲ್ಲರೂ ಸೈನ್ಯ ಸೇರುತ್ತಿದ್ದರು.

ನೀನು ಸಹಿ ಹಾಕಿದ ಮೂರು ವಾರಕ್ಕೆ, ಯಾರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಕರೆಯಬೇಕೆಂದು ಸರ್ಕಾರ ಚೀಟಿ ಎತ್ತಿತು. ನಿಮ್ಮ ಮನೆಯ ರೇಡಿಯೋ ಮುಂದೆ ನಾನೂ ನಿನ್ನ ತಾಯಿಯೂ ಕೂತಿದ್ದೆವು. ಒಂದೊಂದೇ ಹುಟ್ಟಿದ ದಿನವನ್ನು ಓದುತ್ತಿದ್ದರು. ಮೊದಲು ಬಂದವರು ಮೊದಲು ಹೋಗಬೇಕು. ನನ್ನದು ಇಪ್ಪತ್ತೊಂಬತ್ತನೆಯದಾಗಿ ಬಂತು. ನಿನ್ನ ತಾಯಿ ನನ್ನ ಕೈ ಹಿಡಿದುಕೊಂಡರು. ನೀನಾಗಲೇ ತಲೆ ಬೋಳಿಸಿಕೊಂಡು ತರಬೇತಿಯಲ್ಲಿದ್ದೆ, ಆದರೂ ಅವರು ಏಳಲಿಲ್ಲ. ನೂರು ದಾಟಿತು, ಇನ್ನೂರು ದಾಟಿತು. "ನಮ್ಮ ಡೆಲ್‌ದು ಇನ್ನೂ ಬಂದಿಲ್ವಲ್ಲಪ್ಪ" ಅನ್ನುತ್ತಲೇ ಇದ್ದರು, ಪ್ರತಿ ಸಲವೂ ದನಿ ಸಣ್ಣದಾಗುತ್ತಿತ್ತು. ನಿನ್ನ ದಿನ ಬಂದದ್ದು ಮುನ್ನೂರ ನಲವತ್ತೊಂದಕ್ಕೆ. ಅಷ್ಟು ಹಿಂದಿನವರನ್ನು ಯಾರೂ ಕರೆಯುವುದಿಲ್ಲ. ಮೂರು ವಾರ ತಡೆಯಲಾಗಲಿಲ್ಲವೇನೋ ನಿನಗೆ!

ಹಾಸಿಗೆ, ಕಾಫಿಯ ಹಡಗೂ ಸಿಗಲಿಲ್ಲ. ವಿಯೆಟ್ನಾಮಿನ ನದಿಯಲ್ಲಿ ಕಾವಲು ಸುತ್ತುವ ಸಣ್ಣ ದೋಣಿಗೆ ಹಾಕಿದರು. ಜುಲೈಯಲ್ಲಿ ನಿನ್ನ ಶವಪೆಟ್ಟಿಗೆ ಬಂತು.

ಈಗ ನನಗೆ ಬುದ್ಧಿ ಹೇಳದವರಿಲ್ಲ. ಜರ್ಮನಿಯಲ್ಲಿ ಹೋರಾಡಿ ಬಂದ ನಮ್ಮಪ್ಪ ವಾಯುಪಡೆಯ ಅರ್ಜಿ ತಂದು ಊಟದ ಮೇಜಿನ ಮೇಲಿಟ್ಟರು. "ಅವ್ರು ಕರೆಯೋಕ್ ಮುಂಚೆ ನೀನೇ ಆರಿಸ್ಕೋ. ಮರ್ಯಾದೆ ಉಳಿಯತ್ತೆ." ಆರಿಸಿಕೊಳ್ಳುವುದಂತೆ! ಕೊರಳಿಗೆ ಹಗ್ಗ ಹಾಕುವವನು ಯಾವ ಬಣ್ಣದ್ದಿರಲಿ ಅಂತ ಕೇಳಿದರೆ ಅದು ಆಯ್ಕೆಯೇ? ಅರ್ಜಿಯನ್ನು ಅವರೆದುರೇ ಹರಿದೆ. ಕೆನಡಾಕ್ಕೆ ಓಡಿಹೋಗು ಅಂದವರಿಗೂ ಆಗುವುದಿಲ್ಲ ಅಂದೆ. ಓಡುವುದು ನನಗೆ ಯಾವತ್ತು ಬಂದಿತ್ತು ಹೇಳು? ಬೇಸ್‌ಬಾಲ್ ಮೈದಾನದಲ್ಲಿ ನೀನು ಕಿರುಚುತ್ತಿದ್ದೆಯಲ್ಲ, "ಓಡೋ, ಬೇರು ಬಿಟ್ಟಿದೀಯೇನೋ?" ಅಂತ. ಐದು ವರ್ಷದವರೆಗೂ ಜೈಲಾಗಬಹುದಂತೆ. ಹೆದರಿಕೆಯಿದೆ, ನಿನ್ನ ಹತ್ತಿರ ಸುಳ್ಳೇಕೆ. ಆದರೆ ನನ್ನ ಕಾಲು ನನ್ನದು.

ಆರು ವಾರದಿಂದ ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದರು. ಇವತ್ತು ಬೆಳಿಗ್ಗೆ ಅಡುಗೆಮನೆಗೆ ಬಂದು, ಹೊಸ ಅಟ್ಟೆ ಹಾಕಿಸಿದ್ದ ತಮ್ಮ ಹಳೆಯ ಮಿಲಿಟರಿ ಬೂಟುಗಳನ್ನು ನನ್ನ ಕುರ್ಚಿಯ ಪಕ್ಕ ಇಟ್ಟರು.

"ನೀನು ಮಾಡ್ತಿರೋದು ತಪ್ಪು" ಅಂದರು. "ಆದ್ರೆ ಅಲ್ಲಿ ಬಹಳ ಹೊತ್ತು ನಿಲ್ಲಿಸ್ತಾರೆ. ಕಾಲು ನೋಯಬಾರದು."

ಬೂಟು ನನ್ನ ಕಾಲಿಗೆ ಸರಿಯಾಗಿ ಹೊಂದುತ್ತದೆ, ಡೆಲ್. ಮಲಗಿದಲ್ಲಿ ನಿನಗೆ ನೆಮ್ಮದಿಯಿರಲಿ. ಬುಧವಾರ ಮಾತ್ರ ಒಮ್ಮೆ ಎದ್ದು ನನ್ನನ್ನು ಜೋರಾಗಿ ಬೈ.

ಬೇರು ಬಿಟ್ಟು ನಿಲ್ಲಲಿರುವ ನಿನ್ನ ಗೆಳೆಯ,
ವೆರ್ನ್