ಏಳನೆಯ ಸಾಲು

ಹೊರಮಾವು, ಬೆಂಗಳೂರು
ಡಿಸೆಂಬರ್ 9, 2025, ಮಂಗಳವಾರ

ಪ್ರೀತಿಯ ಆಶ್ರಿತಾ,

ಹೇಗಿದ್ದೀಯಮ್ಮ? ಕೆಮ್ಮು ಹೋಯಿತೇ? ನೆಲ ಅಗೆಯುವ ನಿಮ್ಮ ಶಿಬಿರದಲ್ಲಿ ಸ್ನಾನಕ್ಕೆ ಬಿಸಿನೀರು ಸಿಗುತ್ತಿದೆಯೇ, ಅಥವಾ ಅದನ್ನೂ ಅಗೆದೇ ತೆಗೆಯಬೇಕೇ? ಗುಡ್ಡ ಹತ್ತಿದರೆ ಮಾತ್ರ ಫೋನು ಸಿಗುತ್ತದೆ ಅಂದಿದ್ದೆ. ಆ ಗುಡ್ಡದ ಮೇಲೆ ನಿಂತು ನೀನು ಕೇಳುವ ಮೊದಲ ಪ್ರಶ್ನೆ ಯಾವುದೆಂದು ನನಗೆ ಗೊತ್ತಿರುವುದರಿಂದ ಈ ಕಾಗದ ಬರೆಯುತ್ತಿದ್ದೇನೆ. ನಿನ್ನಮ್ಮ ಚೆನ್ನಾಗಿದ್ದಾಳೆ. ಅವರೆಕಾಯಿ ಕಾಲ ಬಂದಿದೆ. ಕಾಳು ಹಿತಕುವ ಹುದ್ದೆಗೆ ಯಾವ ಸಂದರ್ಶನವೂ ಇಲ್ಲದೆ ನನ್ನ ನೇಮಕವಾಗಿದೆ. ಕಳೆದ ತಿಂಗಳು ಬ್ಯಾಂಕಿಗೆ ಹೋಗಿ, ಬದುಕಿದ್ದೇನೆ ಎಂದು ಬರೆದುಕೊಟ್ಟು ಬಂದೆ. ಬರುವ ನವೆಂಬರಿನವರೆಗೆ ನಾನು ಅಧಿಕೃತವಾಗಿ ಜೀವಂತ.

ಇನ್ನು ನಿನ್ನ ವೀರಗಲ್ಲಿನ ಸಮಾಚಾರ. ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಗೋಡೆಯ ಪಕ್ಕ, ಟ್ರಾನ್ಸ್‌ಫಾರ್ಮರಿಗೂ ಕಸದ ರಾಶಿಗೂ ನಡುವೆ ನಿಂತಿರುವ ಆ ಮಹಾಶಯನನ್ನು ನೀನು ಕಾಲೇಜಿನಲ್ಲಿದ್ದಾಗ ಕಂಡುಹಿಡಿದದ್ದು ನನಗೆ ನೆನಪಿದೆ. ಮೊಣಕಾಲೂರಿ ಕುಳಿತು, ಟಾರ್ಚನ್ನು ಓರೆಯಾಗಿ ಹಿಡಿದು, ಏಳು ಸಾಲಿನಲ್ಲಿ ಆರನ್ನು ಓದಿದೆ. ಊರಿನ ಹೆಸರು ಸಿಕ್ಕಿತು, ಕೆರೆಯ ಹೆಸರು ಸಿಕ್ಕಿತು, ಕಳ್ಳರು ಹೊಡೆದುಕೊಂಡು ಹೋದ ಹಸುಗಳ ಲೆಕ್ಕವೂ ಸಿಕ್ಕಿತು. ಹಸುಗಳನ್ನು ಬಿಡಿಸಿಕೊಂಡು ಬರಲು ಹೋಗಿ ಸತ್ತವನ ಹೆಸರು ಮಾತ್ರ ಏಳನೆಯ ಸಾಲಿನಲ್ಲಿ, ವರ್ಷಾನುಗಟ್ಟಲೆ ಎಣ್ಣೆ ಕುಡಿದು ಕಪ್ಪಾದ ಪದರದ ಕೆಳಗೆ ಉಳಿಯಿತು. ಚರಂಡಿ ಕಾಮಗಾರಿಯವರು ಆ ಕಲ್ಲಿಗೆ ಕೆಂಪು ಬಣ್ಣದಲ್ಲಿ ಒಂದು ಅಡ್ಡಗೀಟು ಎಳೆದು, ಇದನ್ನು ಕೀಳಬೇಕು ಎಂದು ಗುರುತು ಮಾಡಿಹೋದಾಗ ನೀನು ಊಟ ಬಿಟ್ಟೆ, ನಾನು ಅರ್ಜಿ ಹಾಕಿದೆ.

ಅಳಿವಿನಂಚಿನ ಪ್ರಾಚೀನ ತಾಣಗಳ ತುರ್ತು ರಕ್ಷಣೆ ಮತ್ತು ದಾಖಲಾತಿ ನಿಧಿ! ಹೆಸರಿನಲ್ಲೇ ತುರ್ತು ಇದ್ದುದರಿಂದ ಉತ್ತರ ಬರಲು ಹದಿನಾಲ್ಕು ತಿಂಗಳಷ್ಟೇ ಹಿಡಿಯಿತು. ನಾನು ಬೇಸರಪಡಲಿಲ್ಲ. ಮೂವತ್ತಮೂರು ವರ್ಷ ವಿಮಾ ಕಚೇರಿಯಲ್ಲಿ ಕುಳಿತು, ಮನೆ ಸುಟ್ಟುಕೊಂಡು ಬಂದವರನ್ನು, "ಸುಡೋಕೆ ಮುಂಚಿನ ಫೋಟೋ ಇದೆಯೇನ್ರೀ?" ಎಂದು ಕೇಳಿದವನು ನಾನು. ಫೈಲಿನ ನಡಿಗೆ ಎಂಥದ್ದೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ಹೋಗುವ ಮುಂಚೆ ನೀನು ಕಾಗದದ ಸುರುಳಿ, ಬ್ರಷ್ಷು, ಮಸಿ ಎಲ್ಲ ನನ್ನ ಕೈಗಿಟ್ಟು, "ಇವರನ್ನ ನಂಬ್ಕೊಂಡು ಕೂರ್ಬೇಡ ಅಪ್ಪಾ, ಎಣ್ಣೆ ಮೆಲ್ಲಗೆ ಒರೆಸಿ ಅಚ್ಚು ತೆಗೆದ್ಬಿಡು, ಒಂದು ಬೆಳಗಿನ ಕೆಲಸ," ಎಂದೆಯಲ್ಲ? ಒದ್ದೆ ಕಾಗದವನ್ನು ಕಲ್ಲಿಗೆ ಹೇಗೆ ತಟ್ಟಬೇಕೆಂದು ನಮ್ಮ ಬಚ್ಚಲ ಗೋಡೆಯ ಮೇಲೆಯೇ ತೋರಿಸಿಯೂ ಕೊಟ್ಟೆ. ಆದರೆ ಅರ್ಜಿಯ ಹನ್ನೊಂದನೆಯ ನಿಬಂಧನೆ ನೀನು ಓದಿಲ್ಲ, ನಾನು ಓದಿದ್ದೇನೆ: ಮಂಜೂರಾತಿಗೆ ಮುಂಚೆ ದಾಖಲಾತಿ ಆರಂಭಿಸಿದ್ದಲ್ಲಿ ಅರ್ಜಿ ಅನೂರ್ಜಿತ. ಹಾಗಾಗಿ ಸುರುಳಿಯನ್ನು ಬೀರುವಿನ ಮೇಲಿಟ್ಟು ನಿಯಮ ಪಾಲಿಸಿದೆ. "ನಿಮ್ಮ ನಿಯಮಕ್ಕೊಂದು ಮಂಗಳಾರತಿ ಎತ್ರೀ," ಎಂದು ನಿನ್ನಮ್ಮ ಅಂದಳು. ಅದನ್ನು ನಾನು ಕಡತಕ್ಕೆ ಸೇರಿಸಲಿಲ್ಲ.

ಕೊನೆಗೆ ಹೋದ ತಿಂಗಳು ನಿಧಿಯ ಕಚೇರಿಯಿಂದ ಯಮುನಾ ಮೇಡಂ ಫೋನು ಮಾಡಿದರು. "ಸರ್, ನಿಮ್ಮ ಫೋಟೋದಲ್ಲಿ ಎಣ್ಣೆ ಕಾಣ್ತಿದೆ, ಕಲ್ಲು ಕಾಣ್ತಿಲ್ಲ. ಕ್ಲಿಯರ್ ಆಗಿರೋದು ಒಂದು ವಾರದೊಳಗೆ ಕಳ್ಸಿ, ಇಲ್ಲಾಂದ್ರೆ ಕ್ಲೋಸ್ ಆಗುತ್ತೆ." ಎಣ್ಣೆ ಕಾಣದೆ ಏನು ಮಾಡೀತು? ಹಿಂದಿನ ಓಣಿಯ ಬಾಡಿಗೆ ಕೋಣೆಯಲ್ಲಿರುವ, ಯಾದಗಿರಿ ಕಡೆಯ ಅಮೃತಮ್ಮ ಪ್ರತಿ ಅಮಾವಾಸ್ಯೆ ಆ ಕಲ್ಲಿಗೆ ಎಣ್ಣೆ ಹಚ್ಚಿ ದೀಪ ಇಡುತ್ತಾಳಷ್ಟೆ. ಅವಳ ಗಂಡ ಸಾಯಬಣ್ಣನಿಗೆ ಅಡುಗೆಮನೆಯ ಗ್ರಾನೈಟ್ ಕಟ್ಟೆಗಳನ್ನು ಪಾಲಿಶ್ ಮಾಡುವ ಕೆಲಸ. ಅವನನ್ನು ಕರೆಸಿ ಕಲ್ಲಿಗೆ ಅಭ್ಯಂಜನ ಮಾಡಿಸಿದೆ. ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನ ಜಂಗುಳಿಯಲ್ಲಿ ಒಂದೂವರೆ ಗಂಟೆ ನಿಂತು ಫೋಟೋ ದೊಡ್ಡದು ಮಾಡಿಸಿ ಕಳಿಸಿದೆ. ಈ ಸಲ ಏಳೇ ದಿನದಲ್ಲಿ ಉತ್ತರ ಬಂತು. ಅದರ ಸಾಲು ನನಗೆ ಬಾಯಿಪಾಠವಾಗಿದೆ: "ಸದರಿ ಶಿಲೆಯು ಅತ್ಯುತ್ತಮ ಸ್ಥಿತಿಯಲ್ಲಿದ್ದು, ಅಪಾಯದ ಯಾವುದೇ ಗುರುತು ಕಂಡುಬಾರದ ಕಾರಣ ತುರ್ತು ನೆರವಿಗೆ ಅರ್ಹವಲ್ಲ." ಗುರುತು ಎಲ್ಲಿಂದ ಕಾಣಬೇಕು? ಎಣ್ಣೆಯ ಜೊತೆಗೆ ಕಾಮಗಾರಿಯವರ ಕೆಂಪು ಗೀಟನ್ನೂ ಉಜ್ಜಿಸಿಬಿಟ್ಟಿದ್ದೆ. ಸಮಿತಿಯಲ್ಲಿ ಐವರು ತಜ್ಞರಿದ್ದಾರಂತೆ; ಐವರೂ ಆ ಫೋಟೋ ನೋಡಿ ಸಹಿ ಹಾಕಿದ್ದಾರೆ. ಸದ್ಯಕ್ಕೆ ಕಲ್ಲು ನಿಂತಲ್ಲೇ ನಿಂತಿದೆ. ಗೀಟು ಕಾಣದ್ದರಿಂದ ಜೆಸಿಬಿಯವನು ಪಕ್ಕದ ನಲ್ಲಿ ಪೈಪನ್ನು ಒಡೆದು ಹೋಗಿದ್ದಾನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬಿಸಿಲಲ್ಲಿ ತಲೆಗೆ ಬಟ್ಟೆ ಕಟ್ಟಿಕೋ. ನಿನ್ನಮ್ಮ ಹಿತಕಿದ ಬೇಳೆಯನ್ನು ಡಬ್ಬಿಯಲ್ಲಿ ತುಂಬಿ ನಿನಗಾಗಿ ಎತ್ತಿಟ್ಟಿದ್ದಾಳೆ. ಜೊತೆಗೆ ಅವಳ ಆಶೀರ್ವಾದವೂ ಇದೆ. ನನ್ನ ಆಶೀರ್ವಾದವನ್ನು ತಾ.ಕ. ಓದಿದ ಮೇಲೆ, ಬೇಕೆನಿಸಿದರೆ ತೆಗೆದುಕೋ.

ಇಂತಿ,
ನಿನ್ನ ಅಪ್ಪ
ಗುರುರಾಜ್

ತಾ.ಕ.: ಫೋಟೋದಲ್ಲಿ ಅಕ್ಷರ ಇರಲಿಲ್ಲಮ್ಮ. ಕಲ್ಲಿನಲ್ಲಿ ಈಗ ಒಂದಕ್ಷರವೂ ಇಲ್ಲ. ಐವರಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ. "ಇದರ ಮ್ಯಾಲ ಮಷೀನ್ ಬ್ಯಾಡ್ರೀ ಸರ, ಅಕ್ಷರ ಭಾಳ ತೆಳು ಅದಾವು," ಎಂದು ಸಾಯಬಣ್ಣ ಎರಡು ಸಲ ಹೇಳಿದ. ಎಣ್ಣೆ ಹೋಗಿ ಕಲ್ಲು ಹೊಳೆಯತೊಡಗಿದಾಗ ಅವನು ಮಷೀನಿನಿಂದ ಕೈ ತೆಗೆದಿದ್ದ. "ಇನ್ನೊಂದು ಕೈ ಹೊಡಿಯಪ್ಪಾ, ಕ್ಲಿಯರ್ ಆಗಲಿ," ಎಂದದ್ದು ನಾನು. ಬಂದಾಗ ಅವನನ್ನು ಬೈಯಬೇಡ. ಹೋದ ಅಮಾವಾಸ್ಯೆ ಅಮೃತಮ್ಮ ಎಣ್ಣೆ ಹಚ್ಚುತ್ತಾ, "ಮೊದಲ ಎಣ್ಣಿ ಅಲ್ಲಲ್ಲೇ ನಿಂದರ್ತಿತ್ರೀ, ಈಗ ಜಾರಿ ಕೆಳಗ ಬರ್ತದ," ಎಂದಳು. ನಿನ್ನ ಕಾಗದದ ಸುರುಳಿ ಇನ್ನೂ ಬೀರುವಿನ ಮೇಲೆ ಕಟ್ಟು ಬಿಚ್ಚದೆ ಇದೆ. ಅರ್ಜಿಯ ನಕಲು ನಿನ್ನೆ ತೆಗೆದು ನೋಡಿದೆ. ನಾಲ್ಕನೆಯ ಕಾಲಮ್ಮಿನಲ್ಲಿ, 'ವೀರನ ಹೆಸರು' ಎಂಬಲ್ಲಿ, ನನ್ನದೇ ದುಂಡು ಅಕ್ಷರ: 'ಹಣ ಮಂಜೂರಾದ ನಂತರ ತಿಳಿಸಲಾಗುವುದು.'