ಆಟದ ಮೇಲೆ ಹೊರಿಸಿದ ತಪ್ಪು

ಮಾನ್ವಿ
೧೮ ನವೆಂಬರ್ ೨೦೨೫

ಪ್ರೀತಿಯ ಪೂರ್ಣಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ಭಾವನವರಿಗೂ ತಿಳಿಸು. ಶಕ್ತಿನಗರದಿಂದ ನೀನು ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ, ಸಿಟ್ಟಾಗಬೇಡ. ಮನೆಯಲ್ಲಿ ಮಾತಾಡಿದರೆ ಪಕ್ಕದ ಕೋಣೆಯಲ್ಲಿರುವ ಅತ್ತೆಯವರಿಗೆ ಕೇಳುತ್ತದೆ, ಅವರು ಅಳಲು ಶುರು ಮಾಡುತ್ತಾರೆ. ಅದಕ್ಕೇ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ.

ವಿಶ್ವೇಶ ಇನ್ನೂ ರಾಯಚೂರಿನ ಬಾಲಕರ ವೀಕ್ಷಣಾಲಯದಲ್ಲೇ ಇದ್ದಾನೆ. ಊಟ ಸರಿಯಾಗಿ ಮಾಡುತ್ತಾನಂತೆ. ಕ್ರಿಕೆಟ್ಟಿನಲ್ಲಿ ಔಟೋ ಅಲ್ಲವೋ ಎಂಬ ಜಗಳಕ್ಕೆ ಬ್ಯಾಟಿನಿಂದ ಗೆಳೆಯನ ತಲೆಗೆ ಹೊಡೆದವನು ನಾನು ಹೆತ್ತ ಮಗ ಎಂದು ಇವತ್ತಿಗೂ ನಂಬಲಾಗುತ್ತಿಲ್ಲ. ಪೆಟ್ಟು ತಿಂದ ಇನಾಯತ್ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿದ್ದಾನೆ, ಆದರೆ ಯಾರನ್ನೂ ಗುರುತಿಸುತ್ತಿಲ್ಲ. ಊರಿನಲ್ಲಿ ಕೆಲವರು ಇದಕ್ಕೆ ಧರ್ಮದ ಮಾತು ತಂದಾಗ ಅವನ ಅಪ್ಪ ಮೆಹಬೂಬ್ ಪಾಷಾ ಅವರೇ, "ಹುಡುಗರ ಜಗಳ ಅದು, ಬ್ಯಾರೆ ಬಣ್ಣ ಹಚ್ಚಬ್ಯಾಡ್ರಿ" ಎಂದು ಕೈಮುಗಿದರಂತೆ.

ನಮ್ಮ ಮನೆಯಲ್ಲಿ ಎಲ್ಲರಿಗೂ ಅಪರಾಧಿ ಸಿಕ್ಕಿಬಿಟ್ಟಿದೆ: ಅವನು ಮೊಬೈಲಿನಲ್ಲಿ ಆಡುತ್ತಿದ್ದ ಬಂದೂಕಿನ ಗೇಮ್. ನಮ್ಮ ಯಜಮಾನರು ಆ ಫೋನನ್ನು ಒರಳಿಗೆ ಬಡಿದು ಪುಡಿ ಮಾಡಿದರು. "ದೇವರಂಥಾ ಹುಡುಗ ಇದ್ದ. ಅದು ತಿಂದುಹಾಕ್ತು ಅವನ್ನ" ಎನ್ನುತ್ತಾರೆ. ವಕೀಲರೂ, "ಗೇಮಿನ ಚಟ ಇತ್ತು ಅಂತ ಡಾಕ್ಟರ್ ಕಡಿಂದ ಬರಸ್ಕೊಂಡು ಬರ್ರಿ, ಅನುಕೂಲ ಆಗ್ತದ" ಎಂದರು. ನಾನೂ ಹಾಗೇ ನಂಬಲು ಒದ್ದಾಡಿದೆ ಅಕ್ಕ. ನಂಬಿದರೆ ಜೀವ ಎಷ್ಟು ಹಗುರ!

ಹೋದ ವಾರ ದೇವದುರ್ಗದಲ್ಲಿ ಕಾಲೇಜು ಮಕ್ಕಳ ಚರ್ಚಾಸ್ಪರ್ಧೆ. ತೀರ್ಪುಗಾರಳಾಗಿ ಬರುತ್ತೇನೆಂದು ಮೊದಲೇ ಒಪ್ಪಿಕೊಂಡಿದ್ದೆ. ವಿಷಯ ಗೊತ್ತಾದದ್ದು ಅಲ್ಲಿಗೆ ಹೋದ ಮೇಲೆ: ಹಿಂಸೆಯ ವಿಡಿಯೋ ಗೇಮುಗಳು ಯುವಕರನ್ನು ಕೆಡಿಸುತ್ತವೆಯೇ? ಎದ್ದು ಬರಬೇಕೆಂದರೆ ಅಂಕದ ಹಾಳೆ ಆಗಲೇ ಕೈಗೆ ಬಂದಿತ್ತು. ಪರವಾಗಿ ಮಾತಾಡಿದ ಹುಡುಗಿ, "ದೂರ ಯಾಕ ಹೋಗಬೇಕ್ರಿ? ನಮ್ಮ ಮಾನ್ವಿಯೊಳಗಽ ಒಬ್ಬ ಹುಡುಗ ಗೇಮ್ ಆಡಿ ಆಡಿ ರಾಕ್ಷಸ ಆದ" ಎಂದಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಜೋರು ಚಪ್ಪಾಳೆ. ವಿರೋಧವಾಗಿ ನಿಂತ ಹುಡುಗ, "ಗೇಮ್ ನಾವೆಲ್ಲಾ ಆಡ್ತೀವಿ. ನಾವು ಯಾರ ತಲಿ ಒಡ್ದೀವಿ? ಆ ಹುಡುಗನೊಳಗ ಮೊದಲಽ ಏನೋ ಕೆಟ್ಟದ್ದಿತ್ತು" ಎಂದ. ಅವನಿಗೂ ಚಪ್ಪಾಳೆ. ಒಬ್ಬಳು ನನ್ನ ಮಗ ರಾಕ್ಷಸನಾದ ಎಂದಳು, ಇನ್ನೊಬ್ಬ ರಾಕ್ಷಸನಾಗಿಯೇ ಹುಟ್ಟಿದ್ದ ಎಂದ. ನಾನು ಅಂಕ ಹಾಕುತ್ತಾ ಕೂತಿದ್ದೆ. ಬಹುಮಾನ ಹುಡುಗಿಗೆ ಹೋಯಿತು, ನನ್ನ ಅಂಕಗಳಿಂದಲೇ.

ಅಲ್ಲಿಂದ ನೇರ ರಾಯಚೂರಿನ ಆಸ್ಪತ್ರೆಗೆ ಹೋದೆ. ಇನಾಯತನ ತಾಯಿ ಹುಮೇರಾ ವಾರ್ಡಿನ ಹೊರಗೆ ಬೆಂಚಿನ ಮೇಲಿದ್ದಳು. ಬಯ್ಯುತ್ತಾಳೆ ಅಂದುಕೊಂಡಿದ್ದೆ, ಸರಿದು ಜಾಗ ಬಿಟ್ಟಳು. ನಾನೇ ತಡೆಯಲಾರದೆ, "ಆ ಗೇಮ್ ನಮ್ಮ ಹುಡುಗನ್ನ ಹಾಳು ಮಾಡ್ತು ಹುಮೇರಾ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಇಬ್ರೂ ನಮ್ಮ ಮನಿ ಕಟ್ಟಿ ಮ್ಯಾಲೇ ಕುಂತು ಆಡ್ತಿದ್ರು ಟೀಚರ್. ನಮ್ಮ ಇನಾಯತ್ ಯಾರಿಗಾದ್ರೂ ಹೊಡ್ದಾನೇನ್ರಿ?"

ನಾನು ಎದ್ದು ಬಂದೆ. ಡಾಕ್ಟರ ಪತ್ರ ಬೇಡವೆಂದು ವಕೀಲರಿಗೆ ಹೇಳಿದೆ. ಅಂದಿನಿಂದ ನಮ್ಮ ಯಜಮಾನರು ನನ್ನೊಡನೆ ಮಾತು ಬಿಟ್ಟಿದ್ದಾರೆ.

ನಿನ್ನ ಮೊಣಕಾಲು ನೋವು ಹೇಗಿದೆ? ಹೆಚ್ಚು ಓಡಾಡಬೇಡ. ಮಕ್ಕಳಿಗೆ ನನ್ನ ಆಶೀರ್ವಾದ. ರಾಯರು ನಿಮ್ಮ ಮನೆಯನ್ನಾದರೂ ತಣ್ಣಗಿಟ್ಟಿರಲಿ.

ನಿನ್ನ
ವೇದಶ್ರೀ

ತಾ. ಕ.: ಜಾಮೀನು ಸಿಕ್ಕಿದೆ. ಕಾಗದಪತ್ರ ಮುಗಿದು ಮುಂದಿನ ವಾರ ವಿಶ್ವೇಶ ಮನೆಗೆ ಬರುತ್ತಾನೆ. ನಿನ್ನೆ ವೀಕ್ಷಣಾಲಯಕ್ಕೆ ಹೋಗಿ, ಗೇಮಿನಿಂದಲೇ ಹಾಗಾಯಿತೇ ಎಂದು ಅವನನ್ನೇ ಕೇಳಿದೆ. "ಗೇಮ್ ಏನ್ ಮಾಡ್ತದಮ್ಮಾ? ಸಿಟ್ಟು ಬಂತು, ಹೊಡದೆ" ಎಂದ. "ಇನಾಯತ್ ಬಿದ್ದಾಗ ಏನನ್ನಿಸ್ತೋ?" ಎಂದೆ. "ಏನೂ ಅನ್ನಿಸಲಿಲ್ಲ. ಈಗೂ ಏನೂ ಅನ್ನಿಸವಲ್ದು" ಎಂದವನು, ನಾನು ಒಯ್ದಿದ್ದ ಚಕ್ಕಲಿ ಮುರಿದು ತಿನ್ನತೊಡಗಿದ. ಇದನ್ನು ಇವರಿಗೆ ಹೇಳಿಲ್ಲ. ನಮ್ಮ ಮೇಘಾ ಇನ್ನೂ ಎಂಟು ವರ್ಷದ ಕೂಸು, ಅಣ್ಣ ಬರುತ್ತಾನೆಂದು ಕುಣಿಯುತ್ತಿದ್ದಾಳೆ. ಅವನು ಬರುವ ಮೊದಲೇ ನೀನು ಬಂದು ಅವಳನ್ನು ಕರೆದುಕೊಂಡು ಹೋಗು ಅಕ್ಕ. ಮಗ ಬರುವ ಮನೆಯಲ್ಲಿ ಮಗಳನ್ನು ಬಿಡಲು ನನಗೆ ಭಯ.