ಮೇಲಿನಿಂದ ಬಿಟ್ಟ ಅಕ್ಕಿ

ರತ್ನತ್ತೆ,

ನಿನ್ನ ಬಾಯಿಗೆ ಅಕ್ಕಿ ಹಾಕುವಾಗ ಅಪ್ಪ ಏನು ಮಾಡಿದ ಗೊತ್ತಾ? ಗೊತ್ತಿರಲಾರದು, ನಿನ್ನ ಕಣ್ಣು ಮುಚ್ಚಿತ್ತು. ಒಡಹುಟ್ಟಿದ ಅಣ್ಣ, ಮೊದಲು ಅವನೇ ಹಾಕಲಿ ಎಂದು ಹಿರಿಯರು ಕರೆದರು. ಬಂದ, ಅಕ್ಕಿ ಹಿಡಿದ, ಬಗ್ಗಲಿಲ್ಲ. ನಿಂತಲ್ಲಿಂದಲೇ ಕೋಳಿಗೆ ಕಾಳು ಚೆಲ್ಲುವ ಹಾಗೆ ಬಿಟ್ಟ. ನಾಲ್ಕು ಕಾಳು ತುಟಿಯ ಮೇಲೆ ಬಿತ್ತು, ಮಿಕ್ಕಿದ್ದು ಗದ್ದದ ಮೇಲೆ, ಕತ್ತಿನ ಮಡಿಕೆಯಲ್ಲಿ. ನಾನು ಕೂತು ಅದನ್ನೆಲ್ಲ ಆರಿಸಿ ನಿನ್ನ ತುಟಿಯ ನಡುವೆ ಇಟ್ಟೆ. ಹಿಂದಿನಿಂದ ಯಾರೋ, "ಮುಟ್ಬೇಡ ಕಣಮ್ಮಾ, ಸತ್ ಮೇಲೆ ಇನ್ನೂ ಬೇಗ ಅಂಟ್ತದೆ" ಅಂದರು. ನನಗೆ ಅಸಹ್ಯವಾಯಿತು ಅತ್ತೆ. ಇವತ್ತಿಗೂ ಅದು ಇಳಿದಿಲ್ಲ.

ಅದಕ್ಕೂ ಮೊದಲು ನಿನ್ನ ಮೈ ತೊಳೆದದ್ದನ್ನೂ ಹೇಳಿಬಿಡುತ್ತೇನೆ. ದೊಡ್ಡಮ್ಮ ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ನಿನಗೆ ಅರಿಶಿನ ಹಚ್ಚಿದಳು. ಟೊಮೇಟೊ ತಂದ ಕವರ್. ಉಳಿದವರು ಮೂಗಿಗೆ ಸೆರಗು ಹಿಡಿದು ಗೋಡೆಗೆ ಅಂಟಿಕೊಂಡು ನಿಂತಿದ್ದರು. ನೀನು ಎದ್ದು ಕೂತಿದ್ದರೆ, "ಅಕ್ಕೋ, ಕವರ್ ತೂತಾಗದೆ, ನೋಡ್ಕೋ" ಅಂದು ಅವಳ ಜೀವ ಹಾರಿಸುತ್ತಿದ್ದೆ. ಅದನ್ನು ನೆನೆದು ಅಲ್ಲೇ ನಗು ಬಂತು ನನಗೆ. ಹೆಣದ ಮುಂದೆ ನಗುತ್ತಾಳೆ ಅಂತ ಅದಕ್ಕೂ ಬೈಸಿಕೊಂಡೆ.

ಚಿಕ್ಕಂದಿನಲ್ಲಿ ಒಮ್ಮೆ ನಿನ್ನ ಟವಲಿನಿಂದ ಮುಖ ಒರೆಸಿಕೊಂಡಿದ್ದಕ್ಕೆ ಅಪ್ಪ ನನ್ನ ಬೆನ್ನ ಮೇಲೆ ಎರಡು ಬಿಟ್ಟಿದ್ದ, ನೆನಪಿದೆಯಾ? ನಿನ್ನ ತಟ್ಟೆ ಬೇರೆ, ಲೋಟ ಬೇರೆ, ಬಟ್ಟೆ ಒಣಗಿಸುವ ಹಗ್ಗವೂ ಬೇರೆ. ನಿನಗೆ ಹತ್ತು ವರ್ಷವಿದ್ದಾಗ ಮೊಣಕೈಯಲ್ಲಿ ಶುರುವಾದ ಸೋರಿಯಾಸಿಸ್, ಐವತ್ತು ದಾಟಿದರೂ ನಿನ್ನನ್ನು ಬಿಡಲಿಲ್ಲ. ಚಳಿಗಾಲ ಬಂದರೆ ಬೆನ್ನು, ಕಾಲು, ತಲೆ ಎಲ್ಲ ಕೆಂಪಗಾಗಿ ಚರ್ಮ ಹಕ್ಕಳೆ ಏಳುತ್ತಿತ್ತು. ಅಂಟುವ ರೋಗವಲ್ಲ ಎಂದು ಡಾಕ್ಟರು ಅಪ್ಪನ ಮುಖಕ್ಕೇ ಹೇಳಿದ್ದರು. ಡಾಕ್ಟರ ಮಾತು ಕೇಳುವ ಮನೆಯಾ ನಮ್ಮದು? ನೀನು ಮಾತ್ರ ಆ ಬೇರೆ ತಟ್ಟೆಯಲ್ಲಿ ಬಾಡಿನ ಸಾರು ಸುರಿದುಕೊಂಡು, "ನನ್ನ ತಟ್ಟೆಯಿಂದ ಒಬ್ರೂ ತುಂಡು ಕದಿಯಲ್ಲ ಕಣೇ, ಮಹಾರಾಣಿ ನಾನು" ಅಂತ ಮೂಳೆ ಚೀಪುತ್ತಿದ್ದೆ.

ಹೋಟೆಲ್ ಹಾಕುತ್ತೇನೆ ಎಂದ ದಿನ ಮನೆಯಲ್ಲಿ ಎದ್ದ ಗಲಾಟೆ... ಬಿಡು. ಸೋಂಪುರದ ಕಡೆ ತಿರುಗುವಲ್ಲಿ, ಹೈವೇ ಪಕ್ಕ ನಾಲ್ಕು ಶೀಟು ಹೊದಿಸಿ ನೀನು ಒಲೆ ಹಚ್ಚಿದೆ. ತುಂಡು ತೋಳಿನ ರವಿಕೆ, ತಲೆಯಲ್ಲಿ ಕನಕಾಂಬರ. ಮೊದಲ ದಿನವೇ ಒಬ್ಬ ಲಾರಿ ಡ್ರೈವರ್, "ಏನಕ್ಕಾ ಅದು ಕೈಗೆ?" ಅಂತ ಕೇಳಿದ. "ಸೋರಿಯಾಸಿಸ್ ಅಂತಾರಪ್ಪ. ಅಂಟಲ್ಲ. ನಂಬಿಕೆ ಇದ್ರೆ ಕೂತ್ಕೋ, ಇಲ್ಲಾಂದ್ರೆ ಮುಂದೆ ಇನ್ನೊಂದು ಹೋಟ್ಲದೆ" ಅಂದೆ. ಅವನು ಕೂತ. ಎರಡನೇ ಮುದ್ದೆ ಕೇಳಿದ. ಅಂಗೈ ಬಿರಿದ ದಿನಗಳಲ್ಲಿ ನೀನು ಹಿಟ್ಟು ಮುಟ್ಟುತ್ತಿರಲಿಲ್ಲ; ಕೆಲಸಕ್ಕಿದ್ದ ಕೆಂಪಮ್ಮನ ಕೈಯಲ್ಲಿ ಮುದ್ದೆ ಕಟ್ಟಿಸಿ, ಸ್ಟೂಲ್ ಮೇಲೆ ಕೂತು ಎಲ್ಲರ ಕಾಲೆಳೆಯುತ್ತಿದ್ದೆ. ತಮಿಳುನಾಡಿನ ಡ್ರೈವರುಗಳಿಂದ ತಮಿಳು ಬೈಗುಳ ಕಲಿತು, ಹೇಳಿಕೊಟ್ಟವರ ಮೇಲೇ ಪ್ರಯೋಗಿಸಿದವಳು ನೀನು. ಹೋಟೆಲಿಗೆ ರಜೆ ಹಾಕಿ ಕೆಂಪಮ್ಮನನ್ನು ಕಟ್ಟಿಕೊಂಡು ಮಂಗಳೂರಿಗೆ ಹೋಗಿ, ಸಮುದ್ರದಲ್ಲಿ ಕತ್ತಿನವರೆಗೆ ಇಳಿದು, ಉಪ್ಪುನೀರು ಮೈ ಉರಿಸಿತು ಅಂತ ಸಮುದ್ರಕ್ಕೇ ಬೈದು ಬಂದೆ.

ನನ್ನನ್ನು ನೋಡಲು ಗಂಡಿನವರು ಬಂದ ದಿನ ಅಪ್ಪ ನಿನಗೆ ಹೇಳಿ ಕಳಿಸಿದ್ದ, ಅವತ್ತು ಮನೆ ಕಡೆ ಬರಬೇಡ ಅಂತ. ದೇವರ ತಮಾಷೆ ನೋಡು, ಅವರು ದಾರಿಯಲ್ಲಿ ಗಾಡಿ ನಿಲ್ಲಿಸಿ ನಿನ್ನ ಹೋಟೆಲಿನಲ್ಲೇ ಇಡ್ಲಿ ತಿಂದು ಬಂದಿದ್ದರು. ಗಂಡಿನ ತಾಯಿ ನಮ್ಮ ನಡುಮನೆಯಲ್ಲಿ ಕೂತು, "ಎಂಥಾ ಇಡ್ಲಿ ಅಂತೀರಾ, ಬೆಣ್ಣೆ. ಯಾರ್ದು ಆ ಹೋಟ್ಲು?" ಅಂತ ಕೇಳಿದರು. ಅಪ್ಪ ಗಡಿಯಾರ ನೋಡುತ್ತಾ, "ಯಾರೋ ಹೆಂಗಸು" ಅಂದ. ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ ನಾನು. ಆ ಸಂಬಂಧ ಕೂಡಲಿಲ್ಲ, ನನಗೆ ಬೇಜಾರೂ ಆಗಲಿಲ್ಲ. ಅವತ್ತಿನಿಂದ ಅಪ್ಪನ ಬಾಯಿಂದ ನನಗೆ ಬೇಕಾಗಿದ್ದದ್ದು ಒಂದೇ. ಹೊರಗಿನ ಒಬ್ಬರ ಎದುರಾದರೂ ಅವನು ನಿನ್ನನ್ನು ತಂಗಿ ಅನ್ನಬೇಕಿತ್ತು. ನೀನಿರುವವರೆಗೂ ಅನ್ನಲಿಲ್ಲ. ಎದೆ ಹಿಡಿದುಕೊಂಡು ನೀನು ಹೋಟೆಲಿನಲ್ಲೇ ಕುಸಿದಾಗ ಎತ್ತಿಕೊಂಡು ಆಸ್ಪತ್ರೆಗೆ ಓಡಿದವರೂ ಲಾರಿಯವರೇ.

ತಿಥಿಗೆ ಫ್ಲೆಕ್ಸ್ ಕಟ್ಟಿಸಿದ್ದರು. ಸ್ಟುಡಿಯೋದವನು ನಿನ್ನ ಮುಖಕ್ಕೆ ಸುಣ್ಣ ಬಳಿದ ಹಾಗೆ ಬಿಳುಪು ಕೊಟ್ಟಿದ್ದ, ಕೈಗಳು ಕಾಣದಂತೆ ಫೋಟೋ ಕತ್ತರಿಸಿದ್ದ. ಅದರ ಕೆಳಗೆ ಪಂಕ್ತಿ ಹಾಕಿಕೊಂಡು ನೆಂಟರೆಲ್ಲ ಉಂಡರು. "ಪಾಪ, ಜೀವಮಾನವೆಲ್ಲ ನರಳ್ಬಿಟ್ಲು. ಸುಖ ಅನ್ನೋದೇ ಕಾಣ್ಲಿಲ್ಲ. ಬಿಡುಗಡೆ ಆಯ್ತು ಬಿಡಿ" ಅಂತ ಒಬ್ಬರು, ಹೌದೌದು ಅಂತ ಹತ್ತು ಮಂದಿ. ನರಳಿದಳಂತೆ. ನಿನ್ನ ಕೈಯ ನೀರು ಕುಡಿಯದವರು ನಿನ್ನ ಹೆಸರಿನ ಒಬ್ಬಟ್ಟಿಗೆ ಇನ್ನೊಂದು ಸೌಟು ತುಪ್ಪ ಕೇಳುತ್ತಿದ್ದರು. ನಾನು ಎಲೆ ಬಿಟ್ಟು ಎದ್ದೆ. ಹಿತ್ತಲಲ್ಲಿ ಕೆಂಪಮ್ಮ ಒಬ್ಬಳೇ ಪಾತ್ರೆಗಳ ಮಧ್ಯೆ ಕೂತು ಅಳುತ್ತಿದ್ದಳು.

ಈಗ ನಿನಗೆ ಗೊತ್ತಿಲ್ಲದ ಸಂಗತಿ. ಮೊನ್ನೆ ಮೊನ್ನೆಯವರೆಗೆ ಬನಿಯನ್ನಿನಲ್ಲಿ ಊರು ಸುತ್ತುತ್ತಿದ್ದ ಅಪ್ಪ, ಇದ್ದಕ್ಕಿದ್ದಂತೆ ಸುಡುಬಿಸಿಲಲ್ಲೂ ತುಂಬುತೋಳಿನ ಅಂಗಿ ತೊಡಲು ಶುರುಮಾಡಿದ. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಕೈ ತೊಳೆಯುವಾಗ ಕಂಡುಬಿಟ್ಟೆ. ಎರಡೂ ಮೊಣಕೈ ಕೆಂಪು, ಮೇಲೆ ಬೆಳ್ಳಗೆ ಹಕ್ಕಳೆ. ನಾನು ಕಂಡದ್ದು ಅವನಿಗೂ ಕಂಡಿತು. ಆಮೇಲೆ ಅಡುಗೆಮನೆ ಬಾಗಿಲಿಗೆ ಬಂದು ಮೆಲ್ಲಗೆ, "ನಿಮ್ಮತ್ತೆ ಯಾವ ಎಣ್ಣೆ ಹಚ್ಕೊಳ್ತಿದ್ಲು?" ಅಂದ. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಆ ಖುಷಿಗೆ ನನ್ನ ಮೇಲೇ ಹೇಸಿಗೆಯೂ ಆಯಿತು. ಅಮ್ಮ ಆಗಲೇ ಅವನ ಟವಲನ್ನು ಬೇರೆ ಹಗ್ಗಕ್ಕೆ ಹಾಕುತ್ತಿದ್ದಾಳೆ. ಇವರನ್ನೆಲ್ಲ ಏನು ಮಾಡಬೇಕು ಹೇಳು ಅತ್ತೆ?

ನೀನಾಗಿದ್ದರೆ ಬೈದುಕೊಂಡೇ ಡಾಕ್ಟರ ಹತ್ತಿರ ಎಳೆದೊಯ್ಯುತ್ತಿದ್ದೆ. ಹಾಗಾಗಿ ಫ್ಯಾಕ್ಟರಿಗೆ ರಜೆ ಹಾಕಿ ನಾನೇ ನೆಲಮಂಗಲಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ನೋಡಿ, "ಮನೇಲಿ ಬೇರೆ ಯಾರಿಗಾದ್ರೂ ಇತ್ತಾ?" ಅಂತ ಕೇಳಿದರು. ಅಪ್ಪ ನನ್ನ ಕಡೆ ನೋಡಿದ. ನಾನು ಬೇಕೆಂದೇ ಮುಖ ತಿರುಗಿಸಿದೆ. ಅವನು ಇಲ್ಲ ಅನ್ನುತ್ತಾನೆ, ಅಂದ ಕೂಡಲೇ ಎದ್ದು ಹೊರಗೆ ನಡೆಯುತ್ತೇನೆ ಎಂದು ಚೀಲ ಹೆಗಲಿಗೆ ಹಾಕಿಕೊಂಡಿದ್ದೆ.

"ನನ್ ತಂಗಿಗಿತ್ತು ಸಾರ್" ಅಂದ.

"ಅವರಿಗೆ ಎಷ್ಟಿತ್ತು? ಕೈಗೆ ಮಾತ್ರಾನಾ, ಮೈಯೆಲ್ಲಾನಾ?"

"ರತ್ನ ಅಂತ. ಹೈವೇಲಿ ಹೋಟ್ಲು ಇಟ್ಟಿದ್ಲು. ಲಾರಿಯೋರ್ನ ಯಾರ್ನ ಬೇಕಾದ್ರೂ ಕೇಳಿ ಸಾರ್, ಎಲ್ರಿಗೂ ಗೊತ್ತು."

"ಹೋಟ್ಲು ಇರ್ಲಿ ಯಜಮಾನ್ರೇ. ಕಾಯಿಲೆ ಎಷ್ಟಿತ್ತು?"

ಅಪ್ಪ ತನ್ನ ಮೊಣಕೈಯನ್ನೇ ನೋಡುತ್ತಾ ಕೂತ. ಆಮೇಲೆ ಅಂದ, "ಅದು ನಂಗೊತ್ತಿಲ್ಲ ಸಾರ್. ನಾನು ಒಂದಿನಾನೂ ಹತ್ರ ಹೋಗಿ ನೋಡ್ಲಿಲ್ಲ."

ನಿನ್ನ,
ಮಂಜಿ